ಹದಿನೇಳನೆಯ ಚುಕ್ಕಿ

"ಹದಿನಾರು?" ಎಂದರು ಮಿರೋನ್ ಮೇಷ್ಟ್ರು.

"ನಮ್ಮದು," ಎಂದಳು ಎರೋಫೀಲಿ.

"ನನ್ನಲ್ಲೂ ನಮ್ಮದೇ. ಹದಿನೇಳು?"

"ಹಿಂದಿನದು. ಹದಿನೆಂಟು ನಮ್ಮದು, ಹತ್ತೊಂಬತ್ತು..."

"ತಡಿ, ತಡಿ. ಅಷ್ಟು ಓಡಬೇಡ."

ಮೇಜಿನ ಈಚೆಗೆ ಮೇಷ್ಟ್ರು, ಆಚೆಗೆ ಶಿಷ್ಯೆ, ನಡುವೆ ಚಿತ್ರದ ಹಾಳೆಗಳು, ಪೆನ್ಸಿಲು, ಒಂದು ಸ್ಕೇಲು. ಇರಾಕ್ಲಿಯೊ ನಗರದ ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಇದು ಇಪ್ಪತ್ತೈದು ವರ್ಷಗಳಿಂದ ನಡೆದುಬಂದ ಪದ್ಧತಿ. ಬಾಹ್ಯಾಕಾಶದ ದೂರದರ್ಶಕ ಒಂದು ಗ್ಯಾಲಕ್ಸಿಯ ಎಕ್ಸ್‌ರೇ ಚಿತ್ರ ಕಳಿಸಿದರೆ ಅದರಲ್ಲಿ ಹತ್ತಿಪ್ಪತ್ತು ಚುಕ್ಕಿಗಳಿರುತ್ತವೆ. ಕೆಲವು ಆ ಗ್ಯಾಲಕ್ಸಿಯವೇ. ಕೆಲವು ಅದಕ್ಕಿಂತ ಎಷ್ಟೋ ಹಿಂದೆ ಉರಿಯುತ್ತಿರುವ ಪರಕೀಯರು. ಮದುವೆ ಫೋಟೋದಲ್ಲಿ ಹಿಂದೆ ಹಾದುಹೋಗುವವರೂ ಸಿಕ್ಕಿಬೀಳುತ್ತಾರಲ್ಲ, ಹಾಗೆ ಸಿಕ್ಕಿಬಿದ್ದವರು. ಯಾವುದು ಯಾವುದೆಂದು ಕಂಪ್ಯೂಟರೇ ಹೇಳುತ್ತದೆ. ಮೇಷ್ಟ್ರಿಗೆ ಅದು ಸಾಲದು. ಇಬ್ಬರು ಬೇರೆಬೇರೆ ಕೂತು ಕಣ್ಣಿಂದ ನೋಡಿ ಗುರುತು ಹಾಕಬೇಕು, ಆಮೇಲೆ ಎದುರುಬದುರು ಕೂತು ಗಟ್ಟಿಯಾಗಿ ಓದಬೇಕು, ತಾಳೆಯಾಗದ ಕಡೆ ಜಗಳವಾಡಬೇಕು. ಆಕಾಶಕ್ಕೂ ಸ್ಕೇಲು ಹಿಡಿಯುವ ಮನುಷ್ಯ ಎಂದು ಅವರ ಹಳೆಯ ಶಿಷ್ಯರು ಈಗಲೂ ಆಡಿಕೊಳ್ಳುತ್ತಾರೆ.

ಹದಿನೇಳರ ಮುಂದೆ ಮೇಷ್ಟ್ರ ಹಾಳೆಯಲ್ಲೂ "ಹಿಂದಿನದು" ಎಂದೇ ಇತ್ತು. ನಿನ್ನೆ ಅದನ್ನು ಬರೆಯುವಾಗ ಅವರು ಚಿತ್ರವನ್ನು ನೋಡಿರಲೂ ಇಲ್ಲ. ತನ್ನ ಮನೆಯ ಬಾಗಿಲ ಸಂಖ್ಯೆಯನ್ನು ಯಾರು ನೋಡಿ ಓದುತ್ತಾರೆ? ಹದಿನೇಳು ಅವರದೇ ಶೋಧ. ತೊಂಬತ್ತೇಳನೆಯ ಇಸವಿಯಲ್ಲಿ ಬೆಟ್ಟದ ಮೇಲಿನ ದೂರದರ್ಶಕದಿಂದ ಅದರ ಬೆಳಕನ್ನು ಬಿಡಿಸಿ ನೋಡಿ, ಅದೊಂದು ಕ್ವೇಸಾರ್, ಎಲ್ಲೋ ಬಹುದೂರದ ಇನ್ನೊಂದು ಗ್ಯಾಲಕ್ಸಿಯ ಉರಿಯುವ ನಡುಭಾಗ, ಈ ಗ್ಯಾಲಕ್ಸಿಗೆ ಸಂಬಂಧಪಟ್ಟದ್ದಲ್ಲ ಎಂದು ಸಾರಿದವರು ಅವರು.

ಈಗ ಅದೇಕೋ ಕಣ್ಣು ಅಲ್ಲೇ ನಿಂತಿತು. ಚಿತ್ರದಲ್ಲಿ ಮಾಮೂಲಿ ಬೆಳಕಿನ ನಕ್ಷತ್ರಗಳು ಕಪ್ಪಿನಲ್ಲಿದ್ದವು, ಎಕ್ಸ್‌ರೇ ಚುಕ್ಕಿಗಳು ನೀಲಿಯಲ್ಲಿ. ಉಳಿದೆಲ್ಲ ನೀಲಿ ಚುಕ್ಕಿಗಳು ತಮ್ಮ ತಮ್ಮ ಕಪ್ಪಿನ ಮೇಲೆ ನೆಟ್ಟಗೆ ಕೂತಿದ್ದವು. ಹದಿನೇಳು ಮಾತ್ರ ಕ್ವೇಸಾರ್‌ನ ಮೇಲಿರದೆ ಪಕ್ಕಕ್ಕೆ ಸರಿದು, ಇದೆಯೋ ಇಲ್ಲವೋ ಎಂಬಂಥ ಒಂದು ಮಂಕು ಗುರುತಿನ ಮೇಲಿತ್ತು. ಮೇಷ್ಟ್ರು ಸ್ಕೇಲು ಇಟ್ಟರು. ಎರಡು ಮಿಲಿಮೀಟರು.

ಅವರು ಸ್ಕೇಲು ಕೆಳಗಿಟ್ಟು ಎದ್ದುಹೋಗಿ ಕಾಫಿ ಕಾಸಿಕೊಂಡರು. ಕಿಟಕಿಯ ಬಳಿ ನಿಂತು ನಿಧಾನವಾಗಿ ಕುಡಿದರು. ಹೊರಗೆ ಅಕ್ಟೋಬರಿನ ಮೊದಲ ಮಳೆ ನಿಂತು ಆಲಿವ್ ಮರಗಳು ತೊಳೆದಿಟ್ಟ ಹಾಗಿದ್ದವು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗಿ ಹಿಂದಿನದು ಎಂದಿದ್ದಾಳೆ, ತಾನೂ ಹಿಂದಿನದು ಎಂದು ಬರೆದಾಗಿದೆ, ಗುರುತು ತಾಳೆಯಾಗಿದೆ. ಪದ್ಧತಿಯ ಪ್ರಕಾರ ಮುಂದಿನ ಸಂಖ್ಯೆಗೆ ಹೋಗಬೇಕು. ಎರಡು ವರ್ಷದಲ್ಲಿ ನಿವೃತ್ತಿ. ಮೇಷ್ಟ್ರಿಗೆ ಹೆದರಿಕೆಯಾಯಿತು.

ಏಕೆಂದರೆ ಆ ಚುಕ್ಕಿಯ ಮೇಲೆ ಅವರ ಹೆಸರು ನಿಂತಿತ್ತು. ನಕ್ಷತ್ರಗಳು ಹೆಚ್ಚು ಹುಟ್ಟುವ ಗ್ಯಾಲಕ್ಸಿಯಲ್ಲಿ ದೊಡ್ಡ ನಕ್ಷತ್ರಗಳು ಬೇಗ ಸಾಯುತ್ತವೆ. ಸತ್ತದ್ದು ತನ್ನ ಜೊತೆಯ ನಕ್ಷತ್ರದ ಮೈಯಿಂದ ಅನಿಲ ಹೀರುತ್ತದೆ. ಹೀರುವಾಗ ಅನಿಲ ಕಾದು ಎಕ್ಸ್‌ರೇ ಚಿಮ್ಮುತ್ತದೆ. ಹುಟ್ಟು ಎಷ್ಟೋ ಎಕ್ಸ್‌ರೇ ಅಷ್ಟು, ದೊಡ್ಡ ಗ್ಯಾಲಕ್ಸಿಯಿರಲಿ ಪುಟಾಣಿಯಿರಲಿ, ಎಲ್ಲವೂ ಒಂದೇ ನೇರ ಗೆರೆಯ ಮೇಲೆ ಬೀಳುತ್ತವೆ ಎಂದು ತೋರಿಸಿದವರು ಮಿರೋನ್ ಸ್ಪಿರಿದಾಕಿಸ್. ಅದಕ್ಕೆ ಸ್ಪಿರಿದಾಕಿಸ್ ಗೆರೆ ಎಂದೇ ಹೆಸರು. ಆ ಗೆರೆಯ ಕೆಳತುದಿಯ ಗೂಟ ಈ ಪುಟ್ಟ ಗ್ಯಾಲಕ್ಸಿ. ಹದಿನೇಳನೆಯ ಚುಕ್ಕಿ ಒಂದೇ ಉಳಿದೆಲ್ಲ ಚುಕ್ಕಿಗಳನ್ನು ಸೇರಿಸಿದಷ್ಟು ಪ್ರಖರ. ಅದು ಹಿಂದಿನದಾದರೆ ಗೂಟ ಸ್ವಸ್ಥಾನದಲ್ಲಿರುತ್ತದೆ. ಅದು ನಮ್ಮದಾದರೆ ಗೂಟವೇ ಕಿತ್ತು ಮೇಲಕ್ಕೆ ಹೋಗುತ್ತದೆ.

ಕಾಫಿ ಮುಗಿಯಿತು. ಮೇಷ್ಟ್ರು ಬಂದು ಕೂತರು.

"ಹದಿನೇಳು ಹಿಂದಿನದಲ್ಲಮ್ಮ," ಎಂದರು.

ಎರೋಫೀಲಿ ನಕ್ಕಳು. "ಮೇಷ್ಟ್ರೇ, ಅದು ನಿಮ್ದೇ ಕ್ವೇಸಾರ್. ನೀವೇ ಕಂಡುಹಿಡಿದಿದ್ದು."

"ಹೂಂ, ಕ್ವೇಸಾರ್ ನಂದೇ. ಆದ್ರೆ ಎಕ್ಸ್‌ರೇ ಬರ್ತಿರೋದು ಅಲ್ಲಿಂದಲ್ಲ, ಪಕ್ಕದ ಮನೆಯಿಂದ. ನೋಡಿಲ್ಲಿ, ಎರಡು ಮಿಲಿಮೀಟರ್."

"ಎರಡು ಮಿಲಿಮೀಟರಿಗೆಲ್ಲ ಹೀಗಾಡ್ತೀರಾ? ಮಳೆಗೆ ಕಾಗದ ಹಿಗ್ಗಿರತ್ತೆ."

"ಹದಿನೇಳರ ಹತ್ರ ಮಾತ್ರ ಹಿಗ್ಗಿತಾ?"

ಅವಳ ನಗು ಇಂಗಿತು. ನವೆಂಬರ್ ಇಪ್ಪತ್ತಕ್ಕೆ ಅವಳ ಪಿಎಚ್.ಡಿ. ಪ್ರಬಂಧದ ಪರೀಕ್ಷೆ. ನಾಲ್ಕು ವರ್ಷದ ಕೆಲಸ ಕಟ್ಟಿ, ಅಂಚು ಕತ್ತರಿಸಿ ಇಟ್ಟಾಗಿತ್ತು. ಮೂರನೆಯ ಅಧ್ಯಾಯವಂತೂ ಪೂರ್ತಿ ಸ್ಪಿರಿದಾಕಿಸ್ ಗೆರೆಯ ಮೇಲೇ ನಿಂತಿತ್ತು. ಊರಿನಲ್ಲಿ ಅವಳ ತಾಯಿ ಆ ದಿನದ ಔತಣಕ್ಕೆ ಯಾವ ಕುರಿ ಕಡಿಯಬೇಕೆಂದು ಬೆರಳು ಮಾಡಿ ತೋರಿಸಿಯೂ ಆಗಿತ್ತು. ಈಗ ಈ ಮುದುಕರು ಸ್ಕೇಲು ಹಿಡಿದುಕೊಂಡು ತಮ್ಮ ಗೆರೆಯನ್ನು ತಾವೇ ಅಳಿಸಲು ಹೊರಟಿದ್ದಾರೆ.

"ಚುಕ್ಕಿಯ ಸುತ್ತ ಐದು ಆರ್ಕ್‌ಸೆಕೆಂಡ್ ಕೋನದ ಒಳಗೆ ಹಳೇ ಪಟ್ಟಿಯಲ್ಲಿ ಏನಿದ್ಯೋ ಅದನ್ನೇ ಹೆಸರು ಕೊಡೋದು. ನನ್ನ ಪ್ರೋಗ್ರಾಮ್ ಹಾಗೇ ಮಾಡಿದೆ. ಎಲ್ಲರೂ ಹಾಗೇ ಮಾಡ್ತಾರೆ," ಎಂದಳು.

"ಎಲ್ಲರೂ ಮಾಡ್ತಾರೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಕಾಣಲಿಲ್ಲ. ಇದು ಮಾಮೂಲಿ ಗ್ಯಾಲಕ್ಸಿ ಅಂತ ನಾನು ಹೆಸರಿಟ್ಟ ಮೇಲೆ ಅದರ ಕಡೆ ದೂರದರ್ಶಕ ತಿರುಗಿಸೋಕೆ ಯಾರಿಗೂ ಸಮಯ ಕೊಡಲಿಲ್ಲ, ನೀನು ಹಟ ಹಿಡಿದು ಕೇಳೋವರೆಗೆ."

"ಹಾಗಾದ್ರೆ ನಾನೇ ತಪ್ಪು ಮಾಡಿದ್ದು ಅನ್ನಿ."

"ಛೆ, ಬಿಡು. ಹದಿನೇಳರ ಏರಿಳಿತ ತೆಗೆದು ನೋಡಿದ್ಯಾ? ಹೊತ್ತು ಹೊತ್ತಿಗೆ ಎಷ್ಟು ಬೆಳಗಿತು ಅಂತ?"

"ಹಿಂದಿನದಕ್ಕೆ ಯಾಕೆ ತೆಗೀಬೇಕು?"

"ಈಗ ತೆಗಿ. ನಾನು ಹೇಳಿದ್ದು ಸುಳ್ಳು ಅಂತ ತೋರಿಸೋಕಾದ್ರೂ ತೆಗಿ."

ಅವಳು ಕಂಪ್ಯೂಟರನ್ನು ತನ್ನ ಕಡೆ ಎಳೆದುಕೊಂಡಳು. ಮೇಷ್ಟ್ರ ಮಾನ ಕಾಯಲು ಮೇಷ್ಟ್ರ ವಿರುದ್ಧವೇ ಯುದ್ಧಕ್ಕೆ ನಿಂತವಳ ಹಾಗೆ ಕೀಲಿಗಳನ್ನು ಕುಟ್ಟಿದಳು. ದೂರದರ್ಶಕ ಆ ಗ್ಯಾಲಕ್ಸಿಯನ್ನು ಒಂದೇ ಸಮನೆ ನಲವತ್ತು ಗಂಟೆ ನೋಡಿತ್ತು. ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಮೂಡಿತು. ಕೆಲವು ಗಂಟೆ ಸಮವಾಗಿ ಸಾಗಿದ್ದ ಅದು ಥಟ್ಟನೆ ನೆಲಕ್ಕೆ ಬಿತ್ತು. ಎರಡೂವರೆ ಗಂಟೆ ನೆಲದಲ್ಲೇ ಮಲಗಿತು. ಮತ್ತೆ ಎದ್ದು ಮೊದಲಿನ ಎತ್ತರಕ್ಕೆ ಬಂತು. ಇಪ್ಪತ್ತೊಂಬತ್ತು ಗಂಟೆಯ ಮೇಲೆ ಮತ್ತೊಮ್ಮೆ ಬಿತ್ತು, ಅಷ್ಟೇ ಹೊತ್ತು ಮಲಗಿತು, ಎದ್ದಿತು.

ಕ್ವೇಸಾರ್ ಹೀಗೆ ಗಡಿಯಾರ ಹಿಡಿದು ಬಚ್ಚಿಟ್ಟುಕೊಳ್ಳುವುದಿಲ್ಲ. ಅಲ್ಲೊಂದು ಕಪ್ಪುಕುಳಿ, ಅದರ ಜೊತೆಗೊಂದು ದೊಡ್ಡ ನಕ್ಷತ್ರ. ಸುತ್ತುತ್ತ ಸುತ್ತುತ್ತ ನಕ್ಷತ್ರ ಅಡ್ಡ ಬಂದಾಗಲೆಲ್ಲ ಕಪ್ಪುಕುಳಿಯ ಬೆಳಕು ಮುಚ್ಚಿಹೋಗುತ್ತಿದೆ. ಈ ಗ್ಯಾಲಕ್ಸಿಯದೇ ಮನೆಮಗು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗಾಗಿತ್ತು.

"ನನ್ನ ಮೂರನೇ ಅಧ್ಯಾಯ ಹೋಯ್ತು," ಎಂದಳು ಎರೋಫೀಲಿ. ಕಣ್ಣಲ್ಲಿ ನೀರು ಬಂದಿತ್ತು.

"ನನ್ನ ಗೆರೆನೇ ಹೋಯ್ತಲ್ಲೇ ತಾಯಿ! ನಿನ್ನ ಅಧ್ಯಾಯ ಯಾವ ಮೂಲೆಗೆ?" ಮೇಷ್ಟ್ರು ನಕ್ಕುಬಿಟ್ಟರು. ತಾನು ನಗುತ್ತಿದ್ದೇನೆಂದು ಅವರಿಗೇ ಆಶ್ಚರ್ಯವಾಯಿತು. ಕಿಟಕಿಯ ಬಳಿ ಹತ್ತಿದ್ದ ಹೆದರಿಕೆ ಎಲ್ಲಿ ಹೋಯಿತೋ. "ಬಾ ಇಲ್ಲಿ. ನಿನ್ನ ಏಳು ಪುಟ್ಟ ಗ್ಯಾಲಕ್ಸಿಗಳನ್ನ ಗೆರೆ ಪಕ್ಕ ಗುರುತು ಮಾಡಿದ್ದೆಯಲ್ಲ, ಆ ಗ್ರಾಫು ಕೊಡು. ಗೆರೆಗಿಂತ ಮೇಲೆ ಹೋಗಿದ್ದು ಮೂರು. ಅದಕ್ಕೆ ಏನು ಕಾರಣ ಕೊಟ್ಟಿದ್ದೆ?"

"ಆಕಸ್ಮಿಕ ಅಂತ."

"ಆ ಮೂರರಲ್ಲೂ ಕಬ್ಬಿಣ, ಆಮ್ಲಜನಕ ಇಂಥ ಭಾರದ ಧಾತು ಕಡಿಮೆ, ಅಲ್ವಾ? ಇದರಲ್ಲಿ?"

"ಎಲ್ಲಕ್ಕಿಂತ ಕಡಿಮೆ," ಎಂದಳು. ಅನ್ನುತ್ತ ಅನ್ನುತ್ತಲೇ ಅವಳ ಮುಖ ಬದಲಾಯಿತು.

ಮೇಷ್ಟ್ರು ಪೆನ್ಸಿಲಿನಿಂದ ಗೂಟವನ್ನು ಕಿತ್ತು ಹೊಸ ಜಾಗದಲ್ಲಿ ನೆಟ್ಟರು. ನಾಲ್ಕು ಚುಕ್ಕಿಗಳು ಸಾಲಾಗಿ ನಿಂತವು. ನೇರ ಗೆರೆ ಕೆಳತುದಿಯಲ್ಲಿ ಮೇಲಕ್ಕೆ ಬಾಗಿತು. ಬಡ ಗ್ಯಾಲಕ್ಸಿಗಳು ತಮ್ಮ ಅಳತೆ ಮೀರಿ ಉರಿಯುತ್ತವೆ ಎಂದು ಆ ಬಾಗು ಹೇಳುತ್ತಿತ್ತು. ಎಷ್ಟೋ ಜನ ಹಾಗೆ ಇರಬಹುದೆಂದು ಊಹಿಸಿದ್ದರು. ಸ್ಪಿರಿದಾಕಿಸ್ ಗೆರೆ ತೋರಿಸಿ ಅವರ ಬಾಯಿ ಮುಚ್ಚಿಸಲಾಗಿತ್ತು. ಮುಚ್ಚಿಸಿದವರಲ್ಲಿ ಮೇಷ್ಟ್ರೂ ಒಬ್ಬರು.

"ಇದು ನಿನ್ನದು," ಎಂದರು. "ಪರೀಕ್ಷೆ ಎರಡು ತಿಂಗಳು ಮುಂದಕ್ಕೆ ಹೋಗ್ಲಿ. ಕುರಿನೂ ಇನ್ನೆರಡು ತಿಂಗಳು ಮೇಯ್ಲಿ."

ಎರೋಫೀಲಿಗೆ ಸಂತೋಷವೂ ಆಯಿತು, ತಡೆಯಲಾರದ ಸಂಕಟವೂ ಆಯಿತು. "ನೀವು ತಪ್ಪು ಮಾಡಿದ್ರಿ ಅಂತ ನಾನು ಹೇಗೆ ಬರೀಲಿ? ಸುಮ್ನೆ ಬರೆಯೋಕಾಗಲ್ಲ. ಯಾಕೆ ತಪ್ಪಾಯ್ತು ಅಂತ ಗೊತ್ತಾಗ್ಬೇಕು. ಅಲ್ಲಿ ಎರಡು ಚುಕ್ಕಿ ಇರೋದು ನಿಮಗೆ ಆವತ್ತು ಕಾಣಲಿಲ್ವಾ?"

ಮೇಷ್ಟ್ರಿಗೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಆ ಕಾಲದ ಎಕ್ಸ್‌ರೇ ದೂರದರ್ಶಕದ ದೃಷ್ಟಿ ಮಂದ. ಇಲ್ಲೆಲ್ಲೋ ಒಂದು ಕಡೆ ಎಂದು ಒಂದು ಬಳೆ ಬರೆದು ಕೊಡುತ್ತಿತ್ತು ಅಷ್ಟೆ. ಬಳೆಯೊಳಗೆ ಕಂಡದ್ದರ ಮೇಲೆ ಬೆಟ್ಟದ ದೂರದರ್ಶಕದ ಕಿಂಡಿಯನ್ನು ಇಟ್ಟು ಬೆಳಕು ಹಿಡಿಯಬೇಕಿತ್ತು. ಕಿಂಡಿ ಸಣ್ಣದು. ಒಂದು ಸಲಕ್ಕೆ ಒಂದೇ ಚುಕ್ಕಿ. "ವೀಕ್ಷಣೆಯ ಪುಸ್ತಕದಲ್ಲಿ ಬರ್ದಿರ್ತೀನಿ. ನಡಿ, ಹೋಗಿ ನೋಡೇಬಿಡೋಣ," ಎಂದು ಕೋಟು ಹಾಕಿಕೊಂಡರು.

ಬೆಟ್ಟ ಹತ್ತಲು ಒಂದೂವರೆ ಗಂಟೆ. ಎರೋಫೀಲಿ ಗಾಡಿ ಓಡಿಸಿದಳು. ತಿರುವಿನಲ್ಲಿ ಆಡುಗಳು ಅಡ್ಡ ಬಂದಾಗಲೆಲ್ಲ ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ ಅವುಗಳ ವಂಶವನ್ನೆಲ್ಲ ಬೈದರು. ಮೇಲೆ ಗುಮ್ಮಟದ ಬಾಗಿಲಲ್ಲಿ ಹರಿದಿಮೋಸ್ ನಿಂತಿದ್ದ. ಮೂವತ್ತು ವರ್ಷದಿಂದ ಆ ದೂರದರ್ಶಕದ ಉಸ್ತುವಾರಿ ಅವನದೇ. ಮೇಷ್ಟ್ರಿಗೆ ಷಡ್ಡಕನೂ ಆಗಬೇಕು. ಅವನ ಹೆಂಡತಿ, ಮೇಷ್ಟ್ರ ಹೆಂಡತಿ ಆರ್ಗಿರೊ, ಇಬ್ಬರೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು.

"ಏನಯ್ಯಾ ಷಡ್ಡಕ, ಹಗಲು ಹೊತ್ತು ಬಂದಿದೀಯ? ದಾರಿ ತಪ್ಪಿತಾ, ವಯಸ್ಸಾಯ್ತಾ?" ಎಂದು ಅವನು ಕೇಳಿದ. ಕೇಳುತ್ತಲೇ ಮೂರು ಸಣ್ಣ ಲೋಟಗಳಿಗೆ ರಾಕಿ ಸಾರಾಯಿ ಸುರಿದ.

"ತೊಂಬತ್ತೇಳರ ಪುಸ್ತಕ ಬೇಕಿತ್ತು."

"ಇಲಿ ತಿನ್ನದೇ ಇದ್ರೆ ಇದೆ."

ಇಲಿ ತಿಂದಿರಲಿಲ್ಲ. ಕಬ್ಬಿಣದ ಬೀರುವಿನಿಂದ ನೀಲಿ ಬಟ್ಟೆ ಕಟ್ಟಿನ ದಪ್ಪ ಪುಸ್ತಕ ಹೊರಬಂತು. ಆ ಪುಸ್ತಕಗಳಿಗೆ ಒಂದು ಕಟ್ಟಳೆ ಇದೆ. ಬರೆದದ್ದನ್ನು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಾದರೆ ಒಂದೇ ಗೀಟು ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಮೇಷ್ಟ್ರು ಆಗಸ್ಟ್ ತಿಂಗಳ ಹಾಳೆಗಳನ್ನು ತಿರುವಿದರು. ಮೂವತ್ತೇಳನೆಯ ವಯಸ್ಸಿನ ತಮ್ಮದೇ ಅಕ್ಷರ, ಆತುರದ, ಬಲಕ್ಕೆ ವಾಲಿದ ಅಕ್ಷರ, ಅವರನ್ನು ನೋಡಿತು.

"ಇಪ್ಪತ್ತೆರಡು, ಶುಕ್ರವಾರ," ಎಂದು ಎರೋಫೀಲಿ ಅವರ ಭುಜದ ಮೇಲಿಂದ ಗಟ್ಟಿಯಾಗಿ ಓದಿದಳು. "ಬಳೆಯೊಳಗೆ ಎರಡು ಚುಕ್ಕಿ ಇವೆ. ಪ್ರಕಾಶದ್ದರ ಮೇಲೆ ಕಿಂಡಿ ಇಟ್ಟೆ. ಮಂಕಿನದು ನಾಳೆ."

"ಕಂಡಿತ್ತು ಹಾಗಾದ್ರೆ," ಎಂದರು ಮೇಷ್ಟ್ರು ಮೆಲ್ಲಗೆ.

"ಇಪ್ಪತ್ಮೂರು, ಶನಿವಾರ. ಆಕಾಶ ಸ್ವಚ್ಛ. ಗಾಳಿ ಇಲ್ಲ. ಗುಮ್ಮಟ ತೆರೆಯಲಿಲ್ಲ." ಅವಳು ಹಾಳೆ ತಿರುವಿದಳು. ಮತ್ತೆ ಹಿಂದಕ್ಕೆ ತಿರುವಿದಳು. "ಕಾರಣ ಬರೆದಿಲ್ಲ. ಸ್ವಚ್ಛ ಆಕಾಶ ಇಟ್ಕೊಂಡು ಗುಮ್ಮಟ ಯಾಕೆ ತೆರೀಲಿಲ್ಲ ಮೇಷ್ಟ್ರೇ?"

"ಆಗಸ್ಟ್ ಇಪ್ಪತ್ಮೂರಾ?" ಹರಿದಿಮೋಸ್ ಲೋಟ ಕೆಳಗಿಟ್ಟ. "ತೊಂಬತ್ತೇಳು? ಅಯ್ಯೋ ಮಾರಾಯ, ಅದು ನನ್ನ ಮದುವೆ ಕಣೋ!"

ಮೇಷ್ಟ್ರು ಅವನನ್ನು ನೋಡಿದರು, ಪುಸ್ತಕವನ್ನು ನೋಡಿದರು. ಮದುವೆ ಅವರಿಗೆ ಚೆನ್ನಾಗಿ ನೆನಪಿತ್ತು. ಮರೆತಿದ್ದದ್ದು ಆ "ನಾಳೆ" ಅದೇ ದಿನ ಎಂಬುದು. ಕೆಳಗಿನ ಹಳ್ಳಿಯಲ್ಲಿ ಸಾವಿರದ ಇನ್ನೂರು ಜನ ಸೇರಿದ್ದರು. ಕುರಿಮಾಂಸದ ರಸದಲ್ಲಿ ಬೆಂದ ಅನ್ನವನ್ನು ಹಂಡೆಗಟ್ಟಲೆ ಬಡಿಸಿದ್ದರು. ಲೀರಾ ನುಡಿಸುವವನು ಬೆಳಗಿನವರೆಗೆ ಕಮಾನು ಕೆಳಗಿಡಲಿಲ್ಲ. ಮದುವಣಗಿತ್ತಿಯ ತಂಗಿ ವರಸೆಯವಳೊಬ್ಬಳು, ಹಳ್ಳಿ ಶಾಲೆಗೆ ಹೊಸದಾಗಿ ಬಂದಿದ್ದ ಉಪಾಧ್ಯಾಯಿನಿ, ಅವರ ಪಕ್ಕದಲ್ಲಿ ಕೂತು ನಕ್ಷತ್ರಗಳ ಬಗ್ಗೆ ನಾನಾ ದಡ್ಡ ಪ್ರಶ್ನೆ ಕೇಳಿದ್ದಳು. ಮೂರು ದಿನ ಬಿಟ್ಟು ಪ್ರಕಾಶದ ಚುಕ್ಕಿ ಕ್ವೇಸಾರ್ ಎಂದು ಗೊತ್ತಾಯಿತು. ಕ್ವೇಸಾರ್ ಎಂದ ಮೇಲೆ ಎಕ್ಸ್‌ರೇ ಸೂಸಲೇಬೇಕಲ್ಲ. ಮಂಕಿನದನ್ನು ಆಮೇಲೆ ಯಾರು ಕೇಳುತ್ತಾರೆ.

"ತಿದ್ದುಪಡಿ ಲೇಖನದಲ್ಲಿ ಏನು ಕಾರಣ ಬರೀಲಿ?" ಎರೋಫೀಲಿ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

"ಹವಾಮಾನ ಅಂತ ಬರಿ ಮಗಳೇ," ಎಂದ ಹರಿದಿಮೋಸ್. "ಎಲ್ಲರೂ ಅದನ್ನೇ ಬರೆಯೋದು. ಹವಾಮಾನ ಏನು ಬಂದು ಅಲ್ಲ ಅನ್ನತ್ತಾ?"

"ಆಕಾಶ ಸ್ವಚ್ಛ ಅಂತ ನಾನೇ ಬರ್ದಿದೀನಲ್ಲೋ ದಡ್ಡ." ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಇಪ್ಪತ್ತೆರಡನೆಯ ತಾರೀಖಿನ "ನಾಳೆ" ಎಂಬುದರ ಮೇಲೆ ಒಂದೇ ಗೀಟು ಎಳೆದರು. ಇಪ್ಪತ್ಮೂರರ ಕೆಳಗೆ "ವೀಕ್ಷಕ ಬೆಟ್ಟದಲ್ಲಿರಲಿಲ್ಲ" ಎಂದು ಬರೆದು ಇವತ್ತಿನ ತಾರೀಖು ಹಾಕಿ ಸಹಿ ಮಾಡಿದರು. "ಇದನ್ನೇ ಬರಿ. ಮತ್ತೆ ಆ ಲೇಖನದಲ್ಲಿ ನನ್ನ ಹೆಸರೂ ಹಾಕು, ಕೊನೆಯಲ್ಲಿ. ನನ್ನ ಗೆರೆ ಮುರಿಯೋ ಕಡೆ ನಾನಿಲ್ಲದಿದ್ರೆ ಹೇಗೆ?"

ಸಂಜೆ ಮನೆ ಮುಟ್ಟಿದಾಗ ಆರ್ಗಿರೊ ಒಲೆಯ ಮುಂದಿದ್ದಳು. ಮೊದಲ ಮಳೆಗೆ ಹೊರಬಂದ ಬಸವನಹುಳುಗಳನ್ನು ಅಕ್ಕಪಕ್ಕದವರ ಜೊತೆ ಹೋಗಿ ಆರಿಸಿ ತಂದಿದ್ದಳು. ಉಪ್ಪು, ಎಣ್ಣೆ, ರೋಸ್ಮೆರಿ ಸೊಪ್ಪು ಹಾಕಿ, ಕೊನೆಗೆ ವಿನಿಗರ್ ಚಿಮುಕಿಸಿ ಇಳಿಸಿದಳು. ಮೇಷ್ಟ್ರು ಕೈ ತೊಳೆದು ಮೇಜಿಗೆ ಕೂತು ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದರು. ಎರಡು ಮಿಲಿಮೀಟರು, ನೆಲಕ್ಕೆ ಬಿದ್ದೆದ್ದ ಗೆರೆ, ಪುಸ್ತಕ, ಹರಿದಿಮೋಸನ ಮದುವೆ, ಎಲ್ಲ. ಮದುವೆಯ ಮಾತು ಬಂದಾಗ ಅವಳು ನಗುತ್ತಾಳೆಂದುಕೊಂಡಿದ್ದರು. ಅವಳು ನಗಲಿಲ್ಲ.

"ದೊಡ್ಡ ತಪ್ಪಾ ಅದು?" ಎಂದು ಕೇಳಿದಳು.

"ದೊಡ್ಡದೇ. ಇಪ್ಪತ್ತಾರು ವರ್ಷ ಎಷ್ಟು ಜನ ಅದೇ ಗೆರೆ ಹಿಡಿದು ಹೋದ್ರು."

"ಹಾಗಾದ್ರೆ ಒಂದು ಮಾತು ಹೇಳ್ತೀನಿ. ಕೋಪ ಮಾಡ್ಕೋಬಾರದು."

"ಏನು?"

ಆರ್ಗಿರೊ ಬಟ್ಟೆಗೆ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. "ನೀನು ಆ ರಾತ್ರಿ ಊಟ ಆದ ತಕ್ಷಣ ನನ್ನ ಪಕ್ಕದಿಂದ ಎದ್ದಿದ್ದೆ. ನೆನಪಿಲ್ವಾ? ಆಕಾಶ ಚೆನ್ನಾಗಿದೆ, ಒಂದು ಚುಕ್ಕಿ ಬಾಕಿ ಇದೆ, ಬೆಟ್ಟಕ್ಕೆ ಹೋಗ್ಬೇಕು ಅಂತ. ಜೀಪಿನ ಕೀಲಿ ಸಿಗಲಿಲ್ಲ."

"ಹೂಂ... ಹೌದು. ಎಲ್ಲ ಕಡೆ ಹುಡುಕಿದೆ. ಬೆಳಿಗ್ಗೆ ಬ್ರೆಡ್ಡಿನ ಬುಟ್ಟಿಯಲ್ಲಿ ಸಿಕ್ತು."

"ಬುಟ್ಟಿಗೆ ಹಾಕಿದ್ದು ನಾನೇ. ಅದಕ್ಕೆ ಮುಂಚೆ ಇಡೀ ರಾತ್ರಿ ನನ್ನ ಕೈಚೀಲದಲ್ಲಿತ್ತು." ಅವಳ ಮುಖ ಕೆಂಪಾಗಿತ್ತು, ಐವತ್ತೆಂಟರ ಹೆಂಗಸಿನ ಮುಖ. "ನೀನು ಹೋದ್ರೆ ಮತ್ತೆ ಸಿಗ್ತೀಯೋ ಇಲ್ವೋ ಅಂತ ಅನ್ನಿಸ್ತು. ಒಂದು ಚುಕ್ಕಿ ತಾನೇ, ನಾಳೆನೂ ಅಲ್ಲೇ ಇರತ್ತೆ ಅಂದ್ಕೊಂಡೆ."

ಮೇಷ್ಟ್ರು ತಮ್ಮ ತಟ್ಟೆಯನ್ನು ಮೆಲ್ಲಗೆ ಅವಳ ಕಡೆ ತಳ್ಳಿದರು.

ಆರ್ಗಿರೊ ಎದುರಿನ ಕುರ್ಚಿ ಬಿಟ್ಟು ಅವರ ಪಕ್ಕಕ್ಕೆ ಬಂದು ಕೂತಳು. ಕಡ್ಡಿಯಿಂದ ಒಂದೊಂದೇ ಚಿಪ್ಪನ್ನು ಕೆದಕಿ, ಹುಳುವನ್ನು ಇಡಿಯಾಗಿ ಹೊರತೆಗೆದು, ಗಂಡನ ತಟ್ಟೆಗೆ ಹಾಕತೊಡಗಿದಳು. ಮೇಷ್ಟ್ರು ಒಂದೊಂದಾಗಿ ತಿಂದರು. ಖಾಲಿ ಚಿಪ್ಪುಗಳು ಇಬ್ಬರ ನಡುವೆ ಸಣ್ಣ ಗುಡ್ಡೆಯಾಗುತ್ತ ಹೋದವು.